ಲಾಭ, ಎರಡು, ಮೂರು

ಪೀಣ್ಯ ಎರಡನೇ ಹಂತ. ರಾತ್ರಿ ಪಾಳಿ.
ಗಾಜಿನ ಹಿಂದೆ ಯಂತ್ರ ಮಾತ್ರೆ ಉದುರಿಸುತ್ತದೆ,
ಬೆಳಗ್ಗೆಯದೊಂದು ಪೊಟ್ಟಣ, ಮಧ್ಯಾಹ್ನದ್ದೊಂದು,
ಮಲಗುವ ಮುಂಚಿನದೊಂದು,
ಹೂವಿನ ಮೊಳದ ಹಾಗೆ ಒಂದಕ್ಕೊಂದು ಅಂಟಿಕೊಂಡು
ಸುರುಳಿ ಸುತ್ತಿ ಡಬ್ಬಿಗೆ ಬೀಳುತ್ತವೆ.
ನನ್ನ ಕೆಲಸ ನೋಡುವುದು.
ಪರದೆಯ ಮೇಲೆ ಚಿತ್ರ ಬರುತ್ತದೆ, ಹಸಿರು ಗುಂಡಿ ಒತ್ತುತ್ತೇನೆ.
ಹದಿನಾಲ್ಕು ತಿಂಗಳಲ್ಲಿ ಅದು ತಪ್ಪಿದ್ದು ಒಮ್ಮೆ,
ಅರ್ಧ ಮುರಿದ ಒಂದು ಬಿಳಿ ಮಾತ್ರೆ; ಅದನ್ನೂ ನಾನು ಹಿಡಿಯಲಿಲ್ಲ,
ಅದೇ ಹಿಡಿದು ಅದೇ ಉಗುಳಿತು.

ಇದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಶ್ರೀರಾಮಪುರದಲ್ಲಿ,
ಗುರುನಂಜ ಶೆಟ್ಟರ ಮೆಡಿಕಲ್ ಅಂಗಡಿ, ಗಲ್ಲಾದ ಪಕ್ಕ.
ಡಬ್ಬಿಯಿಂದ ತಟ್ಟೆಗೆ ಸುರಿದು ಚಪ್ಪಟೆ ಕಡ್ಡಿಯಲ್ಲಿ ಸರಿಸುತ್ತ
ಶೆಟ್ಟರು ಎಣಿಸುವುದು ರಾಗಿ ಅಳೆದ ಹಾಗೆ:
ಒಂದು ಅನ್ನುತ್ತಿರಲಿಲ್ಲ. ಲಾಭ. ಎರಡು, ಮೂರು.
ಆರಕ್ಕೆ ಕೊಂಚ ತಡೆದು, ಗಾಯ ಆರಲಿ, ಅನ್ನುವರು.
ಏಳಕ್ಕೆ ತಲೆಯೆತ್ತಿ ಎದುರಿನವರನ್ನು ನೋಡಿ
ಏಳಪ್ಪಾ ಏಳು.
ಜ್ವರದವರೂ ನಗುತ್ತಿದ್ದರು.
ಓದಲು ಬಾರದವರಿಗೆ ಕಾಗದದ ಕವರಿನ ಮೇಲೆ
ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯುವುದು ನನ್ನ ಪಾಲು.
ಮಧ್ಯಾಹ್ನಕ್ಕೆ ತಟ್ಟೆ. ಊಟವಾದ ಮೇಲೆ ಅಂದರೆ ಖಾಲಿ ತಟ್ಟೆ.

ಆದರೆ ಆ ಅಂಗಡಿಗೆ ಕಣ್ಣೂ ಇದ್ದವು.
ಕೆಲವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಜನ ಕರಗುವವರೆಗೆ ಎದುರಿನ ಸೈಕಲ್ ಶಾಪಿನ ಹತ್ತಿರ ನಿಲ್ಲುತ್ತಿದ್ದರು.
ಅಮುದಾ ಹಾಗೆ ಬಂದವಳು. ಬೆರಳ ತುದಿಗೆ ಊದುಬತ್ತಿಯ ಕಪ್ಪು.
ನಿಮ್ಹಾನ್ಸಿನ ಚೀಟಿ. ಓದಿದೆ. ಓದಿ ತಲೆಯೆತ್ತಿದೆ.
ಒಂದು ಮಾತೂ ಆಡಲಿಲ್ಲ, ದೇವರಾಣೆ.
ಹುಬ್ಬು ಮಾತ್ರ
ಅದರಷ್ಟಕ್ಕೆ ಅದು ಅಕ್ಕಿಕಾಳಿನಷ್ಟು ಮೇಲೆ ಹೋಯಿತು.
ಅವಳು ಚಿಲ್ಲರೆಗೂ ನಿಲ್ಲಲಿಲ್ಲ, ಮತ್ತೆ ಬರಲೂ ಇಲ್ಲ.
ಮೂರೂವರೆ ರೂಪಾಯಿ. ಶೆಟ್ಟರು ಬಹಳ ದಿನ
ಗಲ್ಲಾದ ಮೂಲೆಯಲ್ಲಿ ಬೇರೆಯೇ ಇಟ್ಟಿದ್ದರು.

ಇಲ್ಲಿ, ಯುಗಾದಿಯ ಆಸುಪಾಸು, ಪರದೆಯ ಮೇಲೆ ಅದೇ ಹೆಸರು.
ಅಮುದಾ ಪಿ. ಲಗ್ಗೆರೆ,
ನೀರಿನ ಟ್ಯಾಂಕ್ ಹಿಂದೆ, ಹಸಿರು ಗೇಟು, ಮಹಡಿ ಮೇಲೆ, ನಾಯಿ ಇದೆ ಕೂ
ಅಲ್ಲಿಗೆ ಯಂತ್ರ ವಿಳಾಸ ಕತ್ತರಿಸಿತ್ತು.
ಅದೇ ಮಾತ್ರೆ, ಗುಲಾಬಿ ಬಣ್ಣದ್ದು.
ಯಂತ್ರಕ್ಕೆ ಹುಬ್ಬಿಲ್ಲ.
ಡಬ್ಬಿಯ ಮೇಲೆ ಮದ್ದಿನ ಹೆಸರಿಲ್ಲ,
ತಲುಪಿಸುವ ಹುಡುಗನಿಗೆ ಅದು ಸೋಪು, ಇಲ್ಲವೇ ಬಳೆ.
ಮೊದಲ ಸಲ ಆ ಕಬ್ಬಿಣದ ಪ್ರಾಣಿಗೆ
ಒಳಗೊಳಗೇ ಕೈಮುಗಿದೆ.

ತಿಂಗಳು ತಿಂಗಳು ಹತ್ತೊಂಬತ್ತಕ್ಕೆ ಬರುತ್ತಿದ್ದಳು.
ಎರಡು ಮಾತ್ರೆ ಒಂದಾಯಿತು. ಶ್ರಾವಣದಲ್ಲಿ ಒಂದು ಅರ್ಧವಾಯಿತು.
ಆವತ್ತು ಯಾರಿಗೂ ಹೇಳದೆ ಕ್ಯಾಂಟೀನಿನಲ್ಲಿ
ಒಂದು ಜಾಮೂನು ತಿಂದೆ.

ಈ ಸಲ ಡಬ್ಬಿ ವಾಪಸು ಬಂದಿದೆ.
ಬೀಗ ಹಾಕಿದೆ, ಮೂರು ಸಲ ಹೋಗಿದ್ದೆ, ಎಂದು ಹುಡುಗನ ಷರಾ.
ತಾಯಿಮನೆಗೆ ಹೋದಳೋ, ಮನೆ ಬದಲಾಯಿಸಿದಳೋ,
ಇನ್ನು ಸಾಕು ಅಂದರೋ ಡಾಕ್ಟರು,
ಇಲ್ಲಾ,
ಆ ಕಡೆ ನಾನು ಹೋಗುವುದಿಲ್ಲ.
ಯಂತ್ರ ಅವಳ ಹೆಸರಿನ ಮುಂದೆ ಬೂದು ಚುಕ್ಕೆ ಇಟ್ಟು
ಮುಂದಿನ ಹೆಸರಿಗೆ ಹೋಗಿದೆ.

ವಾಪಸು ಬಂದ ಮದ್ದು ಮತ್ತೆ ಯಾರಿಗೂ ಹೋಗುವಂತಿಲ್ಲ.
ಪೊಟ್ಟಣ ಹರಿದು, ಕೈಯಲ್ಲೇ ಎಣಿಸಿ, ಪುಸ್ತಕದಲ್ಲಿ ಬರೆದು
ಕೆಂಪು ಡ್ರಮ್ಮಿಗೆ ಹಾಕಬೇಕು. ನಿಯಮ.
ಬೆಳಗಿನ ಜಾವ ನಾಲ್ಕು. ಕೈಗವಸು ಹಾಕಿ, ತಟ್ಟೆ ಎಳೆದುಕೊಂಡು
ಅರ್ಧ ಅರ್ಧ ಗುಲಾಬಿ ಚೂರು ಸರಿಸುತ್ತೇನೆ.
ಲಾಭ. ಎರಡು. ಮೂರು. ನಾಲ್ಕು. ಐದು.
ಆರು.
ಆರು, ಅಂತ ಇನ್ನೊಂದು ಸಲ.
ಗಾಜಿನ ಆಚೆ ಅದು ಯಾರದೋ ಬೆಳಗನ್ನು ಮಡಚಿ ಅಂಟಿಸುತ್ತಿದೆ.
ತಲೆಯೆತ್ತುತ್ತೇನೆ. ಎದುರಿಗೆ ಯಾರೂ ಇಲ್ಲ.
ಮುಂದಿನ ಸಂಖ್ಯೆಯನ್ನು
ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.