ತಳದಲ್ಲಿ ಗುಳ್ಳೆ ಏಳಲಿಲ್ಲ

ಮೊದಲ ದಿನ ಏನೂ ಆಗಲಿಲ್ಲ.
ನೀಲಿ ಬಕೆಟ್ಟು, ಮುಕ್ಕಾಲು ನೀರು, ಎರಡು ಚಮಚ ಬಟ್ಟೆ ಸೋಡಾ,
ತಂತಿಯಲ್ಲಿ ನೇತುಬಿದ್ದ ಕಬ್ಬಿಣದ ಸೇರು.
ಹೇಮಾವತಿ ಹಿನ್ನೀರು ಇಳಿದಾಗ
ಕೆಸರಲ್ಲಿ ಕಾಲಿಗೆ ಎಡವಿದ್ದು.
ಮೈತುಂಬ ತುಕ್ಕಿನ ಹಕ್ಕಳೆ, ಹೊಟ್ಟೆಯಲ್ಲಿ ಕಲ್ಲಾದ ಮಣ್ಣು,
ಕಂಠದ ಹತ್ತಿರ ಉಳಿಯಲ್ಲಿ ಕೊರೆದ ಒಂದು ‘ಸಿ’.

ಸಿದ್ದಲಿಂಗಪ್ಪ. ನಮ್ಮಜ್ಜ.
ಮುಳುಗಿದ ಊರಿನ ಒಂದೇ ಒಂದು ಅಂಗಡಿ.
“ಅಪ್ಪಾಜಿ ಅಳೆದರೆ ಊರೇ ಕಣ್ಣು ಮುಚ್ಕೊಂಡು ಇಸ್ಕೊಳ್ಳೋದು”
ಅಂತಾಳೆ ನಿಂಗಾಜತ್ತೆ, ಈಗಲೂ, ಎಂಬತ್ತೊಂದರಲ್ಲಿ,
ಬಕೆಟ್ಟಿನ ಪಕ್ಕ ಸ್ಟೂಲು ಹಾಕಿಕೊಂಡು.

ಆಲೂರು ಬಸ್ ಸ್ಟ್ಯಾಂಡಿನ ಬ್ಯಾಟರಿ ಅಂಗಡಿ ಜಬ್ಬಾರ್ ಬಂದು ಬಗ್ಗಿ ನೋಡಿದ.
“ಅಕ್ಕಾ, ಇದು ಹೊಸಾ ಚಾರ್ಜರು, ಬಲು ಬುದ್ಧಿವಂತ.
ಎದುರಿಗೆ ಬ್ಯಾಟರಿ ಕಾಣದೆ ಕರೆಂಟು ಬಿಡಲ್ಲ.”
ಗುಜರಿಗೆ ಎತ್ತಿಟ್ಟಿದ್ದ ಹಳೇ ಬ್ಯಾಟರಿ ತಂದು
ಪಕ್ಕಕ್ಕೆ ಜೋಡಿಸಿದ.
ಬುದ್ಧಿವಂತ ಮೋಸ ಹೋಯಿತು. ಹಸಿರು ದೀಪ.

ಆದರೂ ಗುಳ್ಳೆ ಇಲ್ಲ.

ಮೂವತ್ತೆರಡು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಲ್ಲಿ ಅಟೆಂಡರ್ ನಾನು.
ಪಾಠ ಮಾಡಿದವಳಲ್ಲ, ಪಿಪೆಟ್ಟು ತೊಳೆದವಳು;
ತೊಳೆಯುವಾಗ ಕಿವಿ ಮುಚ್ಚಿರಲಿಲ್ಲ.
ಕೆಂಪು ತಂತಿ ಸಾಯುವ ಕಬ್ಬಿಣಕ್ಕೆ,
ಕರಿ ತಂತಿ ಉಳಿಯಬೇಕಾದ್ದಕ್ಕೆ.
ಅದಲುಬದಲಾದರೆ ಬೆಳಗಾಗುವಷ್ಟರಲ್ಲಿ ಅಜ್ಜನೇ ಕರಗಿರುತ್ತಾನೆ.
ಉಪ್ಪು ಹಾಕಬಾರದು, ಎದೆಗೆ ಏರುತ್ತೆ.
ಸ್ಟೀಲು ಇಳಿಬಿಡಬಾರದು; ನೀರು ಹಳದಿಯಾದರೆ ಅದು ವಿಷ.
ಜಬ್ಬಾರ್ ಬೀಡಿ ಹಚ್ಚಲು ಹೋದಾಗ ಕೈ ಮೇಲೆ ಹೊಡೆದೆ:
ಗುಳ್ಳೆ ಎದ್ದರೆ ಅದು ಹೈಡ್ರೋಜನ್ನು ಕಣೋ.
“ಎದ್ದರೆ ತಾನೆ” ಅಂದ.

ಕ್ಲಿಪ್ಪು ಕಚ್ಚಿದ್ದು ತುಕ್ಕನ್ನ, ಕಬ್ಬಿಣವನ್ನಲ್ಲ.
ಅರದಲ್ಲಿ ಕಂಠದ ಒಂದು ಕಡೆ ಉಜ್ಜಿ ಉಜ್ಜಿ
ಬೆಳ್ಳಗೆ ಒಂದು ಉಗುರಿನಷ್ಟು ಜಾಗ ಮಾಡಿದೆ.
ಅಲ್ಲಿ ಹಿಡಿಸಿದೆ.
ಗಂಜಿ ಕುದಿಯುವ ಮೊದಲು ಬರುತ್ತಲ್ಲ, ಆ ಸದ್ದು.

ಮೂರನೇ ದಿನ ಹೊರಮೈ ಕಪ್ಪಗಾಗಿ ಬ್ರಷ್ಷಿಗೆ ಉದುರಿತು.
ಒಳಗೆ ಹಾಗೇ ಇತ್ತು.
ಈ ಕೆಲಸದ ಹಣೆಬರಹವೇ ಅದು: ಎದುರು ಕಂಡ ಮುಖವಷ್ಟೇ ಚೊಕ್ಕಟ.
ಮಣ್ಣು ಕೆತ್ತಿ ತೆಗೆದು, ಸೇರಿನ ನಡುವೆ, ಎಲ್ಲೂ ತಾಗದ ಹಾಗೆ
ಒಂದು ಸರಳು ನಿಲ್ಲಿಸಿದೆ.
ಗೋಡೆಗೆಲ್ಲ ಗುಳ್ಳೆ ಸಾಸಿವೆಯಂತೆ ಅಂಟಿಕೊಂಡವು.
ತಳದಲ್ಲಿ ಇಲ್ಲ.

ಸರಳು ಇಳಿಸಿದೆ. ಏರಿಸಿದೆ. ಸೋಡಾ ಹೆಚ್ಚು ಮಾಡಿದೆ.
ಕಬ್ಬಿಣದ ಮೇಲೆ ಕಟ್ಟಿದ ಕೆಂಪು ಕೆಸರು ತೊಳೆದು ಮತ್ತೆ ಇಟ್ಟೆ.
ತಳ ಮಾತಾಡಲಿಲ್ಲ.
ಜಬ್ಬಾರ್ ಮೀಟರು ತಂದು
ಒಂದು ಕಡ್ಡಿ ಕಂಠಕ್ಕೆ, ಒಂದು ಕಡ್ಡಿ ತಳಕ್ಕೆ ಇಟ್ಟ.
ಕೂಗಬೇಕಿತ್ತು. ಕೂಗಲಿಲ್ಲ.
“ಅಕ್ಕಾ, ಇದು ಆ ಕಬ್ಬಿಣ ಅಲ್ಲ. ಬೇರೆ.”

ಆ ರಾತ್ರಿ ನೀರು ಕಂದು ಕೆಂಪಾಯಿತು, ತುಕ್ಕಿನ ಬಣ್ಣವಲ್ಲ.
ಅರಗು. ಸೋಡಾ ನೀರಿಗೆ ಅರಗು ಬಿಡುತ್ತೆ.
ಬೆಳಗ್ಗೆ ಎತ್ತಿದಾಗ ಠಣ್ ಎಂದು
ಒಂದು ದುಂಡನೆ ತಗಡು ಬಕೆಟ್ಟಿಗೆ ಬಿತ್ತು.
ಅದರಡಿ ಇನ್ನೊಂದು ತಳ,
ನಡುವೆ ಬೆರಳಿನಷ್ಟು ಜಾಗ.

ರಾಗಿ ಸುರಿದು ನೋಡಿದೆ, ತಗಡಿಟ್ಟು, ತಗಡು ತೆಗೆದು.
ಒಂದು ಹಿಡಿ. ಸಣ್ಣ ಕೈಯ ಹಿಡಿಯಲ್ಲ.

ಅತ್ತೆ ಸ್ಟೂಲಿಂದ ಏಳಲಿಲ್ಲ.
“ತಳ ತೂತಾಗಿತ್ತು ಕಣೇ. ಹಾಕಿಸಿದ್ರು.”
ತೂತೇನೋ ಇದೆ, ಕಡಲೆಕಾಳಿನಷ್ಟು,
ಹಳೇ ತಳದ ಅಂಚಿಗೆ.
ಆದರೆ ಅದು ತಗಡು ಕೂರುವ ಮೊದಲಿನದೋ
ನಲವತ್ತು ಚಿಲ್ಲರೆ ವರ್ಷದ ನೀರು ತಿಂದದ್ದೋ
ಭೂತಗನ್ನಡಿ ಹಿಡಿದರೂ ಹೇಳುತ್ತಿಲ್ಲ.
ತುಕ್ಕು ತಾರೀಕು ಬರೆಯುವುದಿಲ್ಲ.

ಸೇರನ್ನು ತೊಳೆದು, ಒಲೆಯ ಮೇಲೆ ಬಿಸಿ ಮಾಡಿ,
ಹರಳೆಣ್ಣೆ ಸವರಿ ಕಿಟಕಿಯಲ್ಲಿ ಇಟ್ಟಿದ್ದೇನೆ.
‘ಸಿ’ ಚೆನ್ನಾಗಿ ಓದಲು ಬರುತ್ತದೆ.
ತಗಡನ್ನು ಬೇರೆ ತಂತಿಗೆ ಕಟ್ಟಿ ಬಕೆಟ್ಟಿಗೆ ಇಳಿಬಿಟ್ಟೆ.
ಈಗ ಅದರ ಮೇಲೂ ಗುಳ್ಳೆ ಏಳುತ್ತಿದೆ.
ಅತ್ತೆ ಗಂಟೆಗೊಮ್ಮೆ ಬಗ್ಗಿ ಕೇಳುತ್ತಾಳೆ:
“ಏನಾದ್ರೂ ಬರ್ದಿದಾ?”