ಬೂದು

ಸೊಹಾರದ ಕಚೇರಿಯ ಎರಡನೆಯ ಮಹಡಿಯಲ್ಲಿ ಕೂತು
ನೀರಿಗೆ ಬಣ್ಣ ಹಚ್ಚುವುದು ನನ್ನ ಕೆಲಸ.
ನೀಲಿಯಲ್ಲ. ನೀಲಿ ಸಮುದ್ರಕ್ಕೆ ಮೀಸಲು,
ಅದು ಕುಡಿಯಲಿಕ್ಕಾಗದ್ದು.
ನಳ್ಳಿ ನೀರಿಗೆ ಹಸಿರು, ಐದು ಮೆಟ್ಟಿಲು:
ಕಡಿಮೆ ಇದ್ದಲ್ಲಿ ಎಳನೀರಿನ ತಿಳಿಹಸಿರು,
ಹೆಚ್ಚು ಇದ್ದಲ್ಲಿ ಹಳೆ ಬಾವಿಯ ಪಾಚಿ.
(ಪಾಚಿ ಎಂದದ್ದು ನಾನು. ಪಟ್ಟಿಯಲ್ಲಿ ಅದಕ್ಕೆ ಬರೀ ನಂಬರು.)

ಮೊದಲ ವಾರವೇ ತಿಳಿಯಿತು,
ಬಣ್ಣ ತುಂಬಿದ ನಕ್ಷೆಯಲ್ಲಿ ಗೆಲ್ಲುವುದು ನೆಲ, ಜನರಲ್ಲ.
ಪಡುವಣ ಗುಡ್ಡದ ಸೀಮೆ,
ಮುನ್ನೂರು ಮನೆ, ನಾಲ್ಕು ಆಡಿನ ದೊಡ್ಡಿ,
ಹಾಳೆಯ ಅರ್ಧಕ್ಕೆ ಕಾಲು ಚಾಚಿ ಮಲಗುತ್ತದೆ.
ಮೀನುಪೇಟೆಯ ಹಿಂದಿನ ಓಣಿ,
ಕೋಣೆಗೊಂದರಂತೆ ಹನ್ನೆರಡು ಜೊತೆ ಚಪ್ಪಲಿ,
ನನ್ನ ಕಿರುಬೆರಳಿನ ಉಗುರಿನಷ್ಟು.

ವೃತ್ತ ಹಾಕಿ ನೋಡಿದೆ. ದೊಡ್ಡ ಬಳಕೆಗೆ ದೊಡ್ಡ ವೃತ್ತ.
ಕಾರ್ಖಾನೆಯದು ದೋಸೆಯಂತೆ ಹರಡಿ
ಪಕ್ಕದ ಎರಡು ಬಡಾವಣೆ ನುಂಗಿತು.
ಆದರೂ ಕಣ್ಣಿಗೆ ಸರಿಯಾಗಿ ಲೆಕ್ಕ ಬರುವುದಿಲ್ಲ,
ನಾಲ್ಕು ಪಟ್ಟನ್ನು ಮೂರೆಂದು ಓದಿ ಸುಮ್ಮನಾಗುತ್ತದೆ.

ಚುಕ್ಕಿಯ ನಕ್ಷೆ. ಒಂದು ಚುಕ್ಕಿಗೆ ನೂರು ಜನ.
ವಾರ್ಡಿನ ಗೆರೆಯೊಳಗೆ ಯಂತ್ರ
ಕೋಳಿಗೆ ನುಚ್ಚಕ್ಕಿ ಎರಚಿದ ಹಾಗೆ ಎರಚಿತು:
ನೂರು ಜನ ಹೆದ್ದಾರಿ ವೃತ್ತದ ನಡುವಿನ ಹುಲ್ಲಿನ ಮೇಲೆ,
ನೂರು ಜನ ಉಪ್ಪುನೆಲದಲ್ಲಿ,
ನೂರು ಜನ ಖಬರಸ್ತಾನದ ಗೋಡೆಯೊಳಗೆ.
ಇವರನ್ನು ಮಾತ್ರ ಎತ್ತಿ ರಸ್ತೆಯಾಚೆ ಬಿಟ್ಟೆ.
ಯಾರೂ ಕೇಳಲಿಲ್ಲ.

ಇಂಜಿನಿಯರ್ ಬದ್ರಿಯಾ ಕಾಫಿ ಬಗ್ಗಿಸುತ್ತ ಹೇಳಿದರು,
"ಸಮ ಅಂತರದಲ್ಲಿ ಕತ್ತರಿಸಿ ನೋಡು."
ಕೊರತೆಯ ವಾರ್ಡು ಏಳಿದ್ದದ್ದು ಎರಡಾಯಿತು.
"ಈಗ ಸಮ ಪಾಲಿನಲ್ಲಿ." ಹನ್ನೊಂದಾಯಿತು.
ಒಂದು ಅಂಕಿ ಅಲುಗಿರಲಿಲ್ಲ,
ಊರಲ್ಲಿ ಒಂದು ನಳ್ಳಿ ತಿರುಗಿರಲಿಲ್ಲ.
ಅವರು ನಗಲಿಲ್ಲ. ಖರ್ಜೂರದ ಬೀಜವನ್ನು ತಟ್ಟೆಯಂಚಿಗಿಟ್ಟು
"ಮೇಲಿನವರಿಗೆ ಎರಡನ್ನೂ ಕಳಿಸೋಣ" ಎಂದರು.

ಒಂದು ತುಂಡು ಮಾತ್ರ ಯಾವ ಮೆಟ್ಟಿಲನ್ನೂ ಹತ್ತಲಿಲ್ಲ.
ಬಂದರಿನ ದಾರಿಯ ಕಾರ್ಮಿಕರ ಶೆಡ್ಡುಗಳು.
ಅಲ್ಲಿ ಮೀಟರಿಲ್ಲ, ಹಾಗಾಗಿ ಬಾಯಾರಿಕೆಯೂ ಇಲ್ಲ.
ಬೂದು ಬಣ್ಣ, ಮೇಲೆ ಓರೆ ಗೆರೆ,
ಸೂಚಿಯ ತಳದಲ್ಲಿ ಚಿಕ್ಕ ಪೆಟ್ಟಿಗೆ: ಮಾಹಿತಿ ಇಲ್ಲ.

ಚೀಟಿಗೆ ಸೀಲು ಹಾಕಿಸಲು ಬಂದ ಟ್ಯಾಂಕರಿನ ಹಸನಬ್ಬ,
ಉಳ್ಳಾಲದವನು, ಪರದೆ ನೋಡಿ ನಿಂತ.
"ಇಲ್ಲಿ ಎಂತ ಬಾಯಮ್ಮ, ಬೂದಿ ಬಿದ್ದದ್ದು?"
"ಅಲ್ಲಿಯ ಲೆಕ್ಕ ಇಲ್ಲ."
"ದಿನಾ ಒಂಬತ್ತು ಟ್ರಿಪ್ಪು ಹೊಡೀತೇನಲ್ಲ ಮಾರಾಯ್ತಿ!"

ಚೀಟಿ ಮಗುಚಿದ. ಕಿವಿಯ ಮೇಲಿನ ಪೆನ್ನು ತೆಗೆದು
ನೀರು ತುಂಬುವ ಜಾಗದಿಂದ ಒಂದು ಗೆರೆ ಎಳೆದ,
ಅದರ ಮೇಲೇ ಇನ್ನೊಂದು, ಮತ್ತೊಂದು,
ಒಂಬತ್ತು ಸಲ, ಕಾಗದ ಹರಿಯುವ ಹಾಗೆ.
ಕವಲಿನಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು,
ಮಸೀದಿಯ ಹಿಂದಕ್ಕೆ ಕೂದಲಿನಂಥ ಒಂದೇ ಒಂದು.
"ಜುಲೈಯಲ್ಲಿ ಹೀಗೆ" ಎಂದು
ಹೆಬ್ಬೆರಳಿಂದ ಶಾಯಿ ಉಜ್ಜಿ ಅಗಲ ಮಾಡಿದ.
ನಾನು ಓದಿದ್ದರಲ್ಲಿ ಇದಕ್ಕೆ ಹರಿವಿನ ನಕ್ಷೆ ಎಂದು ಹೆಸರು.
ಅವನು ಡ್ಯೂಟಿ ಎನ್ನುತ್ತಾನೆ.

ಸಂಜೆ ಒಂಬತ್ತನ್ನು ಗ್ಯಾಲನ್ನಿಗೆ ಗುಣಿಸಿ
ತಲೆಗೆ ಭಾಗಿಸಲು ಹೋದರೆ ತಲೆ ಎಷ್ಟೆಂದು ಗೊತ್ತಿಲ್ಲ.
ರಾತ್ರಿ ಅವನದೇ ಫೋನು:
"ಅಡುಗೆಯವನನ್ನು ಕೇಳಿದೆ ಬಾಯಮ್ಮ,
ಹೊಟ್ಟೆಯ ಲೆಕ್ಕ ಅವನ ಹತ್ತಿರ ಉಂಟು.
ಸಾವಿರದ ಏಳುನೂರ ನಲವತ್ತು. ಶುಕ್ರವಾರ ಸ್ವಲ್ಪ ಜಾಸ್ತಿ."

ಭಾಗಿಸಿದೆ. ಬಂದ ಉತ್ತರ
ಎಳನೀರಿನ ಹಸಿರಿಗಿಂತಲೂ ತಿಳಿ.
ಅದಕ್ಕಿಂತ ತಿಳಿಯಾದದ್ದೆಂದರೆ ಬರೀ ಕಾಗದ.

ಆರನೆಯ ಮೆಟ್ಟಿಲನ್ನು ಕೆಳಕ್ಕೆ ಕಟ್ಟಬೇಕು ಈಗ.
ನಕ್ಷೆಯ ತಳದಲ್ಲಿ, ಮೂಲ ಎಂದಿರುವಲ್ಲಿ,
ಇಲಾಖೆಯ ಹೆಸರಿನ ಮುಂದೆ
ಒಂದು ಅಲ್ಪವಿರಾಮ ಹಾಕಿ ಕೂತಿದ್ದೇನೆ.