ಹನ್ನೊಂದು ಅಡಿ

ರಾತ್ರಿ ಎರಡು ಗಂಟೆ. ಇರ್ವಿನ್ ರಸ್ತೆ ಬಾಯಿ ಮುಚ್ಚಿ ಮಲಗಿತ್ತು.
ಟೆಂಪೋ ಮೇಲೆ ಹಳದಿ ಕುದಿಯುತ್ತಿತ್ತು, ಬೆಲ್ಲದ ಪಾಕದ ಹಾಗೆ.
ಇಳಿಸುವ ಹದ ಮೇಸ್ತ್ರಿ ಚಿಕ್ಕಬೋರಯ್ಯನಿಗೆ ಮಾತ್ರ ಗೊತ್ತು,
ಹತ್ತು ವರ್ಷ ಮಂಡ್ಯ ಸೀಮೆ ಆಲೆಮನೆಯಲ್ಲಿ ಬೆಂದವನು.
“ಇದೂ ಕೊಪ್ಪರಿಗೇನೇ ಕನ್ಲಾ, ನೆಕ್ಕಕ್ಕಾಗಲ್ಲ ಅಷ್ಟೆ.”

ದಾರದ ಈ ತುದಿ ನನ್ನದು. ಆ ತುದಿ ಮಕ್ಬೂಲನದು.
ಸೀಮೆಸುಣ್ಣ ಸವರಿ, ಬಿಗಿದು, ಮೀಟಿ ಬಿಟ್ಟರೆ
ಡಾಂಬರಿನ ಮೇಲೊಂದು ಬಿಳಿ ಎಳೆ.
ಅದರ ಮೇಲೆ ಹಳದಿ ನಡೆಯುತ್ತದೆ, ಹೊಗೆ ಬಿಡುತ್ತಾ.
ಹಿಂದೆಯೇ ನಾನು, ರಾಗಿ ಚೆಲ್ಲಿದ ಹಾಗೆ
ಗಾಜಿನ ಸಣ್ಣ ಮಣಿ ಚೆಲ್ಲಿಕೊಂಡು.
ಹೆಡ್‌ಲೈಟು ಬಿದ್ದರೆ ಮಿನುಗಬೇಕಲ್ಲ,
ಇಲ್ಲಿ ನಿಲ್ಲಬೇಡ ಅನ್ನುವ ಮಾತು.

ಆಸ್ಪತ್ರೆ ಗೇಟಿನಿಂದ ಸ್ವಲ್ಪ ಈಚೆಗೆ ಒಂದು ಮಾರುತಿ.
ಹಳೇದು, ಎಂಟ್ನೂರು. ಬಂಪರಿಗೆ ಒಣಗಿದ ನಿಂಬೆಹಣ್ಣು.
ಹಿಂದಿನ ಸೀಟಲ್ಲಿ ಫ್ಲಾಸ್ಕು, ಮಡಿಸಿದ ಕಂಬಳಿ,
ಒಂದು ಜೊತೆ ಹೆಂಗಸಿನ ಚಪ್ಪಲಿ.
ತಟ್ಟಿದೆವು. ಕೂಗಿದೆವು. ಯಾರೂ ಇಲ್ಲ.
ಎತ್ತುವ ಗಾಡಿಯವರಿಗೆ ಫೋನು ಮಾಡಿದರೆ
“ಗೆರೆ ಇದ್ದರೆ ಎತ್ತಬಹುದು. ಗೆರೆ ಎಲ್ಲಿದೆ?” ಅಂದರು.
ಗೆರೆ ಎಳೆಯೋಣ ಅಂದರೆ ಕಾರು.
ಕಾರು ಎತ್ತೋಣ ಅಂದರೆ ಗೆರೆ.

ಪಾಕ ಗಟ್ಟಿಯಾಗುತ್ತಿತ್ತು. ಮೇಸ್ತ್ರಿ ಬೀಡಿ ಎಸೆದ.
“ಬುಟ್ಟು ಎಳೀರ್ಲಾ. ಬೆಳಿಗ್ಗೆ ಬಂದು ಸೇರ್ಸುದ್ರಾಯ್ತು.”
ಬೆಳಿಗ್ಗೆ ನಮ್ಮನ್ನು ಬೋಗಾದಿ ಕಡೆಗೆ ಹಾಕಿದರು.
ಬಿಲ್ಲು ಪಾಸಾಯಿತು, ಪೂರ್ತಿ ಉದ್ದಕ್ಕೆ,
ಎಳೆಯದ ಹನ್ನೊಂದು ಅಡಿಯೂ ಸೇರಿ.

ಯುಗಾದಿ ಕಳೆದು ಒಂದು ದಿನ ಆ ಕಡೆ ಹೋದೆ.
ಕೆಲಸವೇನಿಲ್ಲ, ನೋಡಿ ಬರೋಣ ಅಂತ.
ಗೆರೆ ಚೆನ್ನಾಗಿ ಕೂತಿತ್ತು. ನಡುವೆ ನಮ್ಮ ಗ್ಯಾಪು,
ಹಲ್ಲು ಬಿದ್ದ ಮಗುವಿನ ಬಾಯಿ.
ಪಕ್ಕದಲ್ಲಿ ಹೋಂಗಾರ್ಡ್ ಜವನಮ್ಮ, ತುಟಿಯಲ್ಲಿ ಪೀಪಿ.
ಹಳದಿ ಮೇಲೆ ಯಾರ ಚಕ್ರ ತಂಗಿದರೂ
ಫೋಟೋ, ರಶೀದಿ, ಅದಕ್ಕೂ ಬಗ್ಗದಿದ್ದರೆ ಕೊಕ್ಕೆ.
ದೊಡ್ಡ ಬಿಳಿ ಕಾರಿನವನೊಬ್ಬ ಗ್ಯಾಪಿಗೆ ತೂರಿಸಿ ಇಳಿದ.
ಅವಳು ಬಗ್ಗಿ ನೋಡಿ, “ಮೂತಿ ಗೆರೆ ಮೇಲದೆ ಸಾ.”
ಹಿಂದಕ್ಕೆ ಬಿಟ್ಟ. “ಈಗ ಬಾಲ ಅದೆ ಸಾ.”
ಮೂರು ಸಲ ಆಡಿಸಿ, ಬೈದುಕೊಂಡು ಹೋದ.

ಆಮೇಲೆ ಒಂದು ಆಟೋ. ತಲೆಗೆ ಟವಲು ಸುತ್ತಿದ ಮುದುಕ,
ಕಾಲಿಗೆ ಬ್ಯಾಂಡೇಜು, ಇಳಿಸಿಕೊಳ್ಳಲು ಮಗಳೊಬ್ಬಳೇ.
ಪೀಪಿ ಕತ್ತಿನಲ್ಲಿ ಜೋತುಬಿತ್ತು.
ಜವನಮ್ಮನೂ ಒಂದು ಹೆಗಲು ಕೊಟ್ಟಳು.
ಹಿಂದೆ ಇನ್ನೆರಡು ಆಟೋ, ನಲ್ಲಿ ಮುಂದಿನ ಕೊಡಗಳ ಹಾಗೆ
ಸರದಿಗೆ, ಆದರೆ ನಿಲ್ಲದೆ, ಇಂಚಿಂಚು ಉರುಳುತ್ತಾ.

“ಯಾರೋ ಪುಣ್ಯಾತ್ಮ ಬುಟ್ಟವ್ನೆ” ಅಂದಳು, ನನ್ನ ಕಡೆ ತಿರುಗಿ.
ಉಗುರು ನೋಡಿಕೊಂಡೆ. ಸಂದಿಯಲ್ಲಿ ಹಳದಿ ಇನ್ನೂ ಇತ್ತು.
ಪುಣ್ಯವಲ್ಲವ್ವಾ, ಪಾಕ ಗಟ್ಟಿಯಾಗುತ್ತಿತ್ತು.
ಹೇಳಲಿಲ್ಲ.

ಮೊನ್ನೆ ಇಂಜಿನಿಯರ್ ಕಣ್ಣಿಗೆ ಬಿತ್ತು. ಆರ್ಡರ್ ಬಂತು.
ಮತ್ತೆ ಅದೇ ಎರಡು ಗಂಟೆ. ಈ ಸಲ ಅಡ್ಡ ಏನೂ ಇಲ್ಲ,
ಎಣ್ಣೆ ತೊಟ್ಟಿಕ್ಕಿದ ಒಂದು ಕಲೆ ಬಿಟ್ಟು.
ಆ ಮಾರುತಿ ಯಾವಾಗ ಹೊರಟಿತೋ,
ಹೊರಟಾಗ ಆ ಚಪ್ಪಲಿಗೆ ಕಾಲಿತ್ತೋ ಇಲ್ಲವೋ.

ಮಕ್ಬೂಲ ಆ ತುದಿ, ನಾನು ಈ ತುದಿ. ಮೀಟುವುದೊಂದೇ ಬಾಕಿ.
ಮೇಸ್ತ್ರಿ ಸೌಟು ಎತ್ತಿ ನೋಡುತ್ತಾನೆ, ಮತ್ತೆ ಅದ್ದುತ್ತಾನೆ.
“ಇನ್ನೂ ಹದ ಬಂದಿಲ್ಲ ಕನ್ಲಾ.”
ಹಾಲಿನ ವ್ಯಾನು ಹೋಯಿತು. “ಬಂದಿಲ್ಲ.”
ಪೇಪರಿನ ಹುಡುಗರು ಹೋದರು.
ಯಾವಾಗಲೋ ಬಂದಿದೆ, ವಾಸನೆಯಲ್ಲೇ ನಮಗೂ ಗೊತ್ತು.
ಬೆರಳು ಜೋಮು ಹಿಡಿದಿದೆ.
ದಾರ ಹಿಡಿದುಕೊಂಡೇ ಇದ್ದೇವೆ.